ಸಂಧಿವಾತದವರಲ್ಲಿ ಕೈಕಾಲು ಉರಿ, ಜೋಮು: ಎಲ್ಲ ನೋವೂ ಕೀಲಿನದಲ್ಲ



ನಮ್ಮ ಹೊರರೋಗಿ ವಿಭಾಗಕ್ಕೆ ಆರೇಳು ವರ್ಷಗಳಿಂದ ತಪ್ಪದೆ ಬರುತ್ತಿರುವ ಒಬ್ಬ ತಾಯಿ ಇದ್ದಾರೆ. ಅವರಿಗೆ ರುಮಟಾಯ್ಡ್ ಸಂಧಿವಾತ. ಮೊದಲ ಎರಡು ವರ್ಷ ಬಹಳ ಕಷ್ಟಪಟ್ಟರು. ಆಮೇಲೆ ಔಷಧಿ ಹಿಡಿಯಿತು, ಬೆರಳುಗಳ ಬಾವು ಇಳಿಯಿತು, ಮನೆಗೆಲಸಕ್ಕೆ ಮರಳಿದರು. ಕಳೆದ ವರ್ಷ ಬಂದಾಗ ರಕ್ತಪರೀಕ್ಷೆಯಲ್ಲಿ ಇ.ಎಸ್.ಆರ್. ಚೆನ್ನಾಗಿಯೇ ಇತ್ತು, ಗೆಣ್ಣುಗಳಲ್ಲಿ ಬಾವು ಇರಲಿಲ್ಲ. ಆದರೂ ಮುಖ ಬಾಡಿತ್ತು. "ಏನಾತವ್ವಾ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಿಸ್ಟರ್, ಮುಂಜಾನೆ ಪೂಜಿಗೆ ಕುಂತಾಗ ಕೈ ಜೋಮ ಹಿಡೀತೈತ್ರಿ. ಲಿಂಗ ಎಲ್ಲಿ ಕೈಯಿಂದ ಜಾರಿ ಬೀಳತೈತೋ ಅಂತ ಅಂಜಿಕಿ. ಹದಿನೈದು ದಿನಾತು, ಅಂಗೈಯಾಗ ಹಿಡದs ಇಲ್ಲ," ಎಂದು ಕಣ್ಣು ಒರೆಸಿಕೊಂಡರು.

ರಾತ್ರಿ ಎರಡು ಗಂಟೆಗೆ ಕೈ ಉರಿದು ಎಚ್ಚರವಾಗುವುದು, ಎದ್ದು ಕುಳಿತು ಕೈ ಝಾಡಿಸಿದರೆ ತುಸು ಸಮಾಧಾನವಾಗುವುದು ಮೂರು ತಿಂಗಳಿಂದ ನಡೆದಿತ್ತು. ಮನೆಯವರು "ವಾತ ಮತ್ತ ಎದ್ದೈತಿ" ಎಂದು ತೀರ್ಮಾನಿಸಿ ಔಷಧಿ ಅಂಗಡಿಯಿಂದ ನೋವಿನ ಮಾತ್ರೆ ತಂದುಕೊಟ್ಟಿದ್ದರು. ದಿನಕ್ಕೆ ಒಂದು ಇದ್ದದ್ದು ಮೂರಾಗಿತ್ತು. ಹೊಟ್ಟೆ ಉರಿ ಹೊಸದಾಗಿ ಸೇರಿಕೊಂಡಿತ್ತು, ಕೈ ಉರಿ ಹಾಗೆಯೇ ಇತ್ತು.

ಯಾವ ಬೆರಳು ಎಂದು ವೈದ್ಯರು ಕೇಳಿದರೆ "ಎಲ್ಲಾ ಬಳ್ಳರೀ" ಎಂದರು. ಒಂದು ಹಾಳೆಯ ಮೇಲೆ ಅವರ ಕೈಯನ್ನೇ ಇಡಿಸಿ ಸುತ್ತ ಗೆರೆ ಎಳೆದು, ಜೋಮು ಹಿಡಿಯುವ ಜಾಗಕ್ಕೆ ಪೆನ್ಸಿಲ್ ಬಣ್ಣ ತುಂಬಿರಿ ಎಂದೆವು. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರ ಬೆರಳಿನ ಅರ್ಧ ತುಂಬಿದರು. ಕಿರುಬೆರಳು ಖಾಲಿ ಉಳಿಯಿತು. ಅದನ್ನು ನೋಡಿದ ವೈದ್ಯರು ಗೆಣ್ಣುಗಳನ್ನು ಬಿಟ್ಟು ಮಣಿಕಟ್ಟನ್ನು ಪರೀಕ್ಷಿಸಿದರು. ಅವರ ನೋವು ಕೀಲಿನಿಂದ ಬಂದದ್ದಲ್ಲ, ಮಣಿಕಟ್ಟಿನಲ್ಲಿ ಒತ್ತಿಹೋದ ನರದಿಂದ ಬಂದದ್ದಾಗಿತ್ತು.

ಸಂಧಿವಾತ ಇರುವವರಿಗೆ ಇಂಥ ನರದ ನೋವು ಬರುವುದು ಅಪರೂಪವಲ್ಲ. ಆದರೆ ಕೀಲುನೋವಿನ ಹೆಸರಿನಲ್ಲಿ ಅದು ಮುಚ್ಚಿಹೋಗುತ್ತದೆ. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ. ಕೆಲವು ಸಂದರ್ಭಗಳಲ್ಲಿ ತಡ ಮಾಡಿದರೆ ಕೈ ಅಥವಾ ಕಾಲಿನ ಶಕ್ತಿಯೇ ಹೋಗುತ್ತದೆ. ಆದ್ದರಿಂದ ಈ ಬಾರಿ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ನರ ಎಂದರೆ ಯಾವುದು?

ನಮ್ಮ ಮಾತಿನಲ್ಲಿ "ನರ" ಎಂಬ ಒಂದೇ ಶಬ್ದಕ್ಕೆ ಮೂರು ಅರ್ಥ. ಸಲೈನ್ ಹಚ್ಚುವ ರಕ್ತನಾಳವನ್ನೂ ನರ ಎನ್ನುತ್ತೇವೆ. "ನರಕ್ಕ ಇಂಜೆಕ್ಷನ್ ಮಾಡ್ರಿ" ಎಂದು ಕೇಳುವವರು ದಿನಾ ಬರುತ್ತಾರೆ. ಕೈ ಬಿಗಿ ಹಿಡಿದಾಗ ಮಣಿಕಟ್ಟಿನಲ್ಲಿ ಹಗ್ಗದಂತೆ ಎದ್ದು ಕಾಣುವುದನ್ನೂ ನರ ಎನ್ನುತ್ತೇವೆ. ಅದು ನಿಜವಾಗಿ ಸ್ನಾಯುವನ್ನು ಎಲುಬಿಗೆ ಕಟ್ಟಿದ ಸ್ನಾಯುರಜ್ಜು. ನಾನು ಇಲ್ಲಿ ಹೇಳುತ್ತಿರುವ ನರ ಮೂರನೆಯದು: ಮೆದುಳು ಮತ್ತು ಬೆನ್ನುಹುರಿಯಿಂದ ಹೊರಟು ಚರ್ಮ, ಸ್ನಾಯುಗಳಿಗೆ ಹರಡಿ, ಬಿಸಿ, ತಂಪು, ಮುಟ್ಟಿದ್ದು, ಚುಚ್ಚಿದ್ದು ಇವನ್ನೆಲ್ಲ ಮೇಲಕ್ಕೆ ತಿಳಿಸುವ ಮತ್ತು ಸ್ನಾಯುವಿಗೆ ಅಲುಗಾಡಲು ಅಪ್ಪಣೆ ಒಯ್ಯುವ ತಂತು. "ಕಾಲಾಗ ನರ ಹಿಡದೈತಿ" ಎಂದಷ್ಟೇ ಹೇಳಿದರೆ ಈ ಮೂರರಲ್ಲಿ ಯಾವುದೆಂದು ಯಾರಿಗೂ ತಿಳಿಯುವುದಿಲ್ಲ. ನೋವು ಹೇಗಿದೆ ಎಂದು ಬಿಡಿಸಿ ಹೇಳಿದರೆ ತಿಳಿಯುತ್ತದೆ.

ರುಮಟಾಯ್ಡ್ ಸಂಧಿವಾತದಲ್ಲಿ ದೇಹದ ರೋಗನಿರೋಧಕ ಶಕ್ತಿ ದಾರಿ ತಪ್ಪಿ ತನ್ನದೇ ಕೀಲಿನ ಒಳಪೊರೆಯ ಮೇಲೆ ದಾಳಿ ಮಾಡುತ್ತದೆ. ಪೊರೆ ದಪ್ಪಗಾಗಿ ನೀರು ತುಂಬುತ್ತದೆ, ಕೀಲು ಬೆಚ್ಚಗಾಗಿ ಊದುತ್ತದೆ. ಈ ನೋವು ಬೇನೆಯಂತೆ ಒಂದೇ ಸಮನೆ ಇರುತ್ತದೆ. ಒತ್ತಿದರೆ ಹೆಚ್ಚುತ್ತದೆ. ಬೆಳಿಗ್ಗೆ ಎದ್ದಾಗ ಕೀಲುಗಳು ಬಿಗಿದುಕೊಂಡಿರುತ್ತವೆ, ಸಡಿಲವಾಗಲು ಅರ್ಧ ಗಂಟೆಗಿಂತ ಹೆಚ್ಚು, ಕೆಲವರಿಗೆ ಎರಡು ಗಂಟೆಯೂ ಬೇಕು. ಸ್ವಲ್ಪ ಓಡಾಡಿದ ಮೇಲೆ ಹಗುರವಾಗುತ್ತದೆ.

ನರದ ನೋವಿನ ಗುಣವೇ ಬೇರೆ. ನಮ್ಮ ರೋಗಿಗಳು ಬಳಸುವ ಮಾತುಗಳನ್ನು ನಾನು ಒಂದು ವಹಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ, ನರ್ಸಿಂಗ್ ವಿದ್ಯಾರ್ಥಿನಿಯರಿಗೆ ಪಾಠ ಹೇಳುವಾಗ ಪುಸ್ತಕಕ್ಕಿಂತ ಅವೇ ಉಪಯೋಗಕ್ಕೆ ಬರುತ್ತವೆ. "ಖಾರ ಹಚ್ಚಿದಂಗ ಉರೀತೈತಿ." "ಇರುವಿ ಹರದಂಗ ಆಕ್ಕೈತಿ." "ಸೂಜಿ ಚುಚ್ಚಿದಂಗ." "ಕರೆಂಟ್ ಹೊಡದಂಗ ಝುಮ್ ಅಂತೈತಿ." "ಹತ್ತಿ ಮ್ಯಾಲ ನಡದಂಗ." "ಕಾಲಾಗಿನ ಚಪ್ಪಲಿ ಕಳಚಿ ಬಿದ್ರೂ ಗೊತ್ತಾಗೂದಿಲ್ಲ." "ಹಾಸಿಗಿ ಅರಿವಿ ತಾಗಿದ್ರೂ ತಾಳಾಕ ಆಗೂದಿಲ್ಲ." ಇಂಥ ಮಾತು ಬಂದಾಗ, ಅದರಲ್ಲೂ ನೋವು ರಾತ್ರಿ ಹೆಚ್ಚುತ್ತಿದ್ದು ಕೀಲಿನಲ್ಲಿ ಬಾವು ಇಲ್ಲದಿದ್ದರೆ, ನರದ ಕಡೆ ನೋಡಬೇಕು. ಒಬ್ಬರಲ್ಲೇ ಎರಡೂ ನೋವು ಒಟ್ಟಿಗೆ ಇರಬಹುದು ಎಂಬುದನ್ನೂ ಮರೆಯಬಾರದು.

ಮಣಿಕಟ್ಟಿನ ಸುರಂಗ

ಹೆಚ್ಚಿನವರಲ್ಲಿ ಕಾಣುವುದು ಮೇಲೆ ಹೇಳಿದ ತಾಯಿಗೆ ಬಂದ ತೊಂದರೆಯೇ. ವೈದ್ಯರು ಇದನ್ನು ಕಾರ್ಪಲ್ ಟನೆಲ್ ಸಿಂಡ್ರೋಮ್ ಎನ್ನುತ್ತಾರೆ. ಮಣಿಕಟ್ಟಿನ ಅಂಗೈ ಕಡೆಗೆ ಒಂದು ಕಿರಿದಾದ ಸುರಂಗವಿದೆ. ಕೆಳಗೆ ಮತ್ತು ಎರಡು ಬದಿಗೆ ಎಲುಬು, ಮೇಲೆ ಗಟ್ಟಿಯಾದ ಒಂದು ಪಟ್ಟಿ. ಬೆರಳು ಮಡಚುವ 9 ಸ್ನಾಯುರಜ್ಜುಗಳು ಮತ್ತು ಒಂದು ನರ ಈ ಇಕ್ಕಟ್ಟಿನಲ್ಲಿ ಹಾದುಹೋಗುತ್ತವೆ. ಸಂಧಿವಾತದಲ್ಲಿ ಕೀಲಿನ ಪೊರೆಯಂತೆಯೇ ಈ ರಜ್ಜುಗಳ ಮೇಲಿನ ಪೊರೆಯೂ ಊದುತ್ತದೆ. ಎಲುಬೂ ಜರುಗದು, ಪಟ್ಟಿಯೂ ಹಿಗ್ಗದು. ಒತ್ತಡವೆಲ್ಲ ಮೆತ್ತಗಿನ ನರದ ಮೇಲೆ ಬೀಳುತ್ತದೆ. ಕೆಲವರಲ್ಲಂತೂ ಸಂಧಿವಾತ ಇದೆ ಎಂದು ಗೊತ್ತಾಗುವ ಮೊದಲೇ ಕೈ ಜೋಮು ಶುರುವಾಗಿರುತ್ತದೆ.

ಮಲಗಿದಾಗ ನಮಗೆ ಅರಿವಿಲ್ಲದೆ ಮಣಿಕಟ್ಟು ಮಡಚಿಕೊಂಡಿರುತ್ತದೆ, ಸುರಂಗ ಇನ್ನಷ್ಟು ಇಕ್ಕಟ್ಟಾಗುತ್ತದೆ. ರಾತ್ರಿಯೇ ಏಕೆ ಹೆಚ್ಚು ಎಂಬುದಕ್ಕೆ ಇದು ಮುಖ್ಯ ಕಾರಣ. ಹಗಲಿನಲ್ಲಿ ರೊಟ್ಟಿ ಬಡಿಯುವಾಗ, ಬಟ್ಟೆ ಹಿಂಡುವಾಗ, ಕುರ್ಪಿ ಹಿಡಿದು ಕಳೆ ತೆಗೆಯುವಾಗ, ಬೈಕ್ ಹ್ಯಾಂಡಲ್ ಹಿಡಿದಾಗ, ಮೊಬೈಲ್ ಕಿವಿಗೆ ಹಿಡಿದು ಬಹಳ ಹೊತ್ತು ಮಾತನಾಡಿದಾಗ ಕಾಣಿಸಿಕೊಳ್ಳುತ್ತದೆ. ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ ಮತ್ತು ಬಸಿರು ಇದ್ದಾಗಲೂ ಈ ತೊಂದರೆ ಬರುವುದುಂಟು. ಹಾಗಾಗಿ ಅವನ್ನೂ ಪರೀಕ್ಷಿಸುತ್ತಾರೆ.

ಮನೆಯಲ್ಲಿ ನೀವೇ ನೋಡಬಹುದಾದ ಒಂದು ಗುರುತು ಇದೆ. ಎರಡೂ ಅಂಗೈಗಳನ್ನು ಪಕ್ಕಪಕ್ಕ ಇಟ್ಟು ಹೆಬ್ಬೆರಳ ಬುಡದ ಉಬ್ಬನ್ನು ಹೋಲಿಸಿ ನೋಡಿರಿ. ಒಂದು ಕಡೆ ಆ ಮಾಂಸ ಸೊರಗಿ ಚಪ್ಪಟೆಯಾಗಿದ್ದರೆ, ಅಥವಾ ಸೀರೆಗೆ ಪಿನ್ ಹಾಕಲು, ಅಂಗಿ ಗುಂಡಿ ಹಾಕಲು ಬೆರಳು ಹಿಡಿತ ಕೊಡದಿದ್ದರೆ, ನರ ಬಹಳ ದಿನದಿಂದ ಒತ್ತಿಹೋಗಿದೆ ಎಂದು ಅರ್ಥ. ಆಗ ಮುಂದಿನ ತಿಂಗಳ ಪಾಳಿಗೆ ಕಾಯಬೇಡಿರಿ. ಕೆಲವರು "ಮೊದಲು ಉರೀತಿತ್ತು, ಈಗ ಉರಿ ಇಲ್ಲ, ಬರೇ ಮರಗಟ್ಟೇತಿ" ಎಂದು ಸಮಾಧಾನದಿಂದ ಹೇಳುತ್ತಾರೆ. ಅದು ವಾಸಿಯಾದ ಲಕ್ಷಣವಲ್ಲ. ನರ ಇನ್ನೂ ಸೋತಿದೆ ಎಂಬ ಸೂಚನೆ.

ಆರಂಭದಲ್ಲೇ ಬಂದರೆ ಚಿಕಿತ್ಸೆ ಸರಳ. ಮಣಿಕಟ್ಟನ್ನು ನೆಟ್ಟಗೆ ಹಿಡಿದಿಡುವ ಸ್ಪ್ಲಿಂಟ್ ಎಂಬ ಪಟ್ಟಿಯನ್ನು ರಾತ್ರಿ ಕಟ್ಟಿಕೊಂಡು ಮಲಗಬೇಕು. ಒಂದೆರಡು ದಿನ ಕಟ್ಟಿ ಪೆಟ್ಟಿಗೆಗೆ ಸೇರಿಸಿದರೆ ಪ್ರಯೋಜನವಿಲ್ಲ, ಕನಿಷ್ಠ ಆರು ವಾರ ಬೇಕು. ಸ್ಪ್ಲಿಂಟ್ ಬದಲು ಕ್ರೇಪ್ ಬ್ಯಾಂಡೇಜನ್ನು ಬಿಗಿಯಾಗಿ ಸುತ್ತಿಕೊಳ್ಳುವವರಿದ್ದಾರೆ, ಅದರಿಂದ ಒತ್ತಡ ಹೆಚ್ಚೇ ಆಗುತ್ತದೆ. ಇದರ ಜೊತೆಗೆ ಸಂಧಿವಾತದ ಮೂಲ ಔಷಧಿಯನ್ನು ವೈದ್ಯರು ಸರಿಹೊಂದಿಸುತ್ತಾರೆ, ಪೊರೆಯ ಬಾವು ಇಳಿದರೆ ನರಕ್ಕೆ ಜಾಗ ಸಿಗುತ್ತದೆ. ಅಗತ್ಯವಿದ್ದರೆ ಸುರಂಗದೊಳಗೆ ಸ್ಟಿರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ. ಸಕ್ಕರೆ ಕಾಯಿಲೆ ಇದ್ದವರಿಗೆ ಅದಾದ ಕೆಲವು ದಿನ ಸಕ್ಕರೆ ಏರಬಹುದು, ಮೊದಲೇ ತಿಳಿಸಿರಿ. ಇಷ್ಟಕ್ಕೂ ಬಗ್ಗದಿದ್ದರೆ, ಅಥವಾ ಹೆಬ್ಬೆರಳ ಬುಡ ಸೊರಗುತ್ತಿದ್ದರೆ, ಮೇಲಿನ ಪಟ್ಟಿಯನ್ನು ಕತ್ತರಿಸಿ ನರವನ್ನು ಬಿಡಿಸುವ ಸಣ್ಣ ಶಸ್ತ್ರಕ್ರಿಯೆ ಇದೆ. ಸಾಮಾನ್ಯವಾಗಿ ಆ ಭಾಗಕ್ಕೆ ಮಾತ್ರ ಅರಿವಳಿಕೆ ಕೊಟ್ಟು ಮಾಡುತ್ತಾರೆ.

ಮನೆಯ ಕೆಲಸ ಬಿಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೂ ನಮ್ಮ ತಾಯಂದಿರು ಬಿಡುವುದಿಲ್ಲ. ಆದರೆ ಇಪ್ಪತ್ತು ರೊಟ್ಟಿಯನ್ನು ಒಂದೇ ಕೂರಿನಲ್ಲಿ ಬಡಿಯಬೇಕೆಂದಿಲ್ಲ. ಐದಾರು ಆದ ಮೇಲೆ ಕೈ ಚಾಚಿ ಎರಡು ನಿಮಿಷ ಬಿಡುವು ಕೊಡಿರಿ. ಸೊಸೆ, ಮಗಳು ಮಾತ್ರವಲ್ಲ, ಮಗನಿಗೂ ಹಿಟ್ಟು ನಾದಲು ಬರುತ್ತದೆ. ಬಟ್ಟೆಯನ್ನು ಹಿಂಡದೆ ನೀರು ಸೋರುವಂತೆಯೇ ಹಾಕಿದರೆ ಬಿಸಿಲು ಒಣಗಿಸುತ್ತದೆ. ಪೂಜೆಗೆ ಕುಳಿತಾಗ ಎಡ ಮೊಣಕೈ ಕೆಳಗೆ ಮಡಚಿದ ಟವಲ್ ಅಥವಾ ದಿಂಬು ಇಟ್ಟು, ಮಣಿಕಟ್ಟು ಹಿಂದಕ್ಕೆ ಬಾಗದಂತೆ ನೆಟ್ಟಗೆ ಇಟ್ಟುಕೊಂಡರೆ ಜೋಮು ಬಹಳ ಕಡಿಮೆಯಾಗುತ್ತದೆ. ಆ ತಾಯಿಗೆ ಇದನ್ನು ಕೂಡಿಸಿಯೇ ತೋರಿಸಿಕೊಟ್ಟೆವು. ಸ್ಪ್ಲಿಂಟ್ ಮತ್ತು ಒಂದು ಚುಚ್ಚುಮದ್ದಿನ ನಂತರ ಎರಡನೆಯ ತಿಂಗಳಿಗೆ ಬಂದವರು ನೋವಿನ ಮಾತೇ ಎತ್ತಲಿಲ್ಲ. "ಮತ್ತ ಕೈಯಾಗ ಹಿಡದು ಪೂಜಿ ಮಾಡಾಕ ಹತ್ತೇನ್ರಿ" ಎಂದಷ್ಟೇ ಹೇಳಿದರು.

ಬೇರೆ ಕಡೆ ಒತ್ತಿದರೆ

ಇದೇ ರೀತಿ ಮೊಣಕೈಯ ಒಳಬದಿಯಲ್ಲಿ ನರ ಒತ್ತಿದರೆ ಕಿರುಬೆರಳು ಮತ್ತು ಉಂಗುರ ಬೆರಳಿನ ಅರ್ಧ ಜೋಮು ಹಿಡಿಯುತ್ತದೆ. ಕಾಲಿನ ಒಳಗಣ್ಣಿನ ಹಿಂದೆ ಒತ್ತಿದರೆ ಅಂಗಾಲು ಉರಿಯುತ್ತದೆ. ಮೊಣಕಾಲಿನ ಹಿಂದೆ ನೀರು ತುಂಬಿ ಗಂಟಿನಂತೆ ಆದಾಗಲೂ ಅಲ್ಲಿ ಹಾಯುವ ನರಕ್ಕೆ ಪೆಟ್ಟು ಬೀಳಬಹುದು. ಎಲ್ಲಿ ಒತ್ತಿದೆ ಎಂಬುದನ್ನು ಗುರುತಿಸಲು ಜೋಮು ಹಿಡಿಯುವ ಜಾಗದ ಚಿತ್ರ ಬಹಳ ಸಹಾಯ ಮಾಡುತ್ತದೆ.

ಎರಡೂ ಪಾದಗಳು ಉರಿಯುವಾಗ

ಒಂದು ಕಡೆ ಒತ್ತುವುದಲ್ಲದೆ, ಎರಡೂ ಪಾದಗಳಲ್ಲಿ ಸಮನಾಗಿ, ಕಾಲುಚೀಲ ಹಾಕಿಕೊಂಡ ಹಾಗೆ ಉರಿ, ಜೋಮು ಏರುತ್ತ ಬರುವುದೂ ಇದೆ. ಸಂಧಿವಾತವೇ ನರಗಳಿಗೆ ತಗುಲಿ ಹೀಗಾಗಬಹುದು. ಆದರೆ ಆ ತೀರ್ಮಾನಕ್ಕೆ ಬರುವ ಮೊದಲು ಬೇರೆ ಕಾರಣಗಳನ್ನು ಹುಡುಕಬೇಕು. ಅವುಗಳಲ್ಲಿ ಹಲವಕ್ಕೆ ಒಳ್ಳೆಯ ಪರಿಹಾರವಿದೆ.

ಮೊದಲನೆಯದು ಸಕ್ಕರೆ ಕಾಯಿಲೆ. ಇನ್ನೊಂದು ಬಿ 12 ಜೀವಸತ್ವದ ಕೊರತೆ. ಇದರ ಬಗ್ಗೆ ನಮ್ಮ ಓದುಗರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಬಹಳಷ್ಟು ಜನ ಸಸ್ಯಾಹಾರಿಗಳು. ಕಾಳು, ಸೊಪ್ಪು, ತರಕಾರಿ, ರೊಟ್ಟಿ ಯಾವುದರಲ್ಲೂ ಬಿ 12 ಇಲ್ಲ. ಹಾಲು, ಮೊಸರು, ಮಜ್ಜಿಗೆಯಿಂದಲೇ ಸಿಗಬೇಕು. ಮನೆಯ ಹಾಲೆಲ್ಲ ಡೈರಿಗೆ ಹೋಗಿ, ತಾಯಿಯ ಪಾಲಿಗೆ ಎರಡು ಬಾರಿ ಚಹಾ ಮಾತ್ರ ಉಳಿದರೆ ಅದು ಸಾಲುವುದಿಲ್ಲ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ, ನೋವಿನ ಮಾತ್ರೆಯ ಜೊತೆಗೆಂದು ಗ್ಯಾಸ್ ಮಾತ್ರೆಯನ್ನು ಬಹಳ ಕಾಲ ನುಂಗಿದವರಲ್ಲಿ ಆಹಾರದ ಬಿ 12 ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಮತ್ತೊಂದು ಸಂಗತಿ: ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರಿಗೆ ಫೋಲಿಕ್ ಆ್ಯಸಿಡ್ ಮಾತ್ರೆ ಕೊಟ್ಟಿರುತ್ತೇವೆ, ಅದು ಅವಶ್ಯಕ. ಆದರೆ ಬಿ 12 ಕೊರತೆಯಿಂದ ಬಂದ ರಕ್ತಹೀನತೆಯನ್ನು ಫೋಲಿಕ್ ಆ್ಯಸಿಡ್ ಮರೆಮಾಚಬಲ್ಲದು. ರಕ್ತ ಸರಿ ಕಾಣುತ್ತದೆ, ಒಳಗೆ ನರ ಹಾಳಾಗುತ್ತಲೇ ಇರುತ್ತದೆ. ಅದಕ್ಕೇ ಹಿಮೋಗ್ಲೋಬಿನ್ ಚೆನ್ನಾಗಿದ್ದರೂ ಪಾದ ಉರಿ ಇದ್ದವರಿಗೆ ಬಿ 12 ಪರೀಕ್ಷೆ ಮಾಡಿಸುತ್ತೇವೆ. ಕೊರತೆ ಇದ್ದರೆ ಚುಚ್ಚುಮದ್ದು ಅಥವಾ ಮಾತ್ರೆಯಿಂದ ತುಂಬಿಸಬಹುದು. ಪರೀಕ್ಷೆ ಇಲ್ಲದೆ ಸುಮ್ಮನೆ "ಶಕ್ತಿ ಇಂಜೆಕ್ಷನ್" ಮಾಡಿಸಿಕೊಂಡು ಬರಬೇಡಿರಿ. ಆಮೇಲೆ ಪರೀಕ್ಷೆ ಮಾಡಿದರೆ ನಿಜಸ್ಥಿತಿ ತಿಳಿಯುವುದು ಕಷ್ಟ.

ಕುಡಿತದಿಂದಲೂ ನರ ಹಾಳಾಗುತ್ತದೆ. ಸಂಧಿವಾತಕ್ಕೆ ಕೊಡುವ ಲೆಫ್ಲುನೊಮೈಡ್ ಎಂಬ ಮಾತ್ರೆಯಿಂದ ಕೆಲವರಿಗೆ ಪಾದ ಜೋಮು ಬರುವುದುಂಟು. ಮಾತ್ರೆ ಶುರುವಾದ ಮೇಲೆ ಜೋಮು ಬಂದಿದ್ದರೆ ತಾವಾಗಿ ನಿಲ್ಲಿಸದೆ ಬೇಗ ಬಂದು ತಿಳಿಸಿರಿ. ಇನ್ನು ಕುಷ್ಠರೋಗ. ಹೆಸರು ಕೇಳಿ ಗಾಬರಿಯಾಗಬೇಡಿರಿ. ರಾಷ್ಟ್ರಮಟ್ಟದಲ್ಲಿ ಅದು 10,000 ಜನರಲ್ಲಿ ಒಬ್ಬರಿಗಿಂತ ಕಡಿಮೆಗೆ ಇಳಿದಿದೆ ಎಂದು 2005ರಲ್ಲಿ ಸರ್ಕಾರ ಘೋಷಿಸಿತು, ಆದರೆ ಹೊಸ ರೋಗಿಗಳು ಈಗಲೂ ಸಿಗುತ್ತಾರೆ. ಅದರಲ್ಲೂ ನರ ಊದಿ ಕೈಕಾಲು ಮರಗಟ್ಟುತ್ತದೆ, ಕೆಲವೊಮ್ಮೆ ಕೀಲುಗಳೂ ಬಾತು ಸಂಧಿವಾತದಂತೆಯೇ ಕಾಣುತ್ತದೆ. ಮೈಮೇಲೆ ಸ್ಪರ್ಶ ತಿಳಿಯದ ತಿಳಿಬಣ್ಣದ ಮಚ್ಚೆ ಇದ್ದರೆ ಮುಚ್ಚಿಡಬೇಡಿರಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ ಔಷಧಿ ಸಿಗುತ್ತದೆ, ಪೂರ್ತಿ ವಾಸಿಯಾಗುತ್ತದೆ.

ಅಂದ ಹಾಗೆ, 2006ರಲ್ಲಿ ನಮ್ಮ ಕಡೆ ಚಿಕೂನ್‌ಗುನ್ಯಾ ಹಬ್ಬಿದ ಮೇಲೆ ಯಾವ ಕೀಲು ನೋವಿಗೂ, ಯಾವ ಜೋಮಿಗೂ "ಅದು ಚಿಕೂನ್‌ಗುನ್ಯಾದ ಉಳಿಕೆ" ಎಂದುಬಿಡುವ ರೂಢಿ ಬಂದಿದೆ. ಅಷ್ಟು ಹಳೆಯ ಜ್ವರದ ಮೇಲೆ ಹೊಸ ಜೋಮಿನ ಭಾರ ಹಾಕಬಾರದು.

ಪಾದಗಳಿಗೆ ಸ್ಪರ್ಶಜ್ಞಾನ ಕಡಿಮೆಯಾದವರು ಶಾಖದ ವಿಷಯದಲ್ಲಿ ಬಹಳ ಎಚ್ಚರದಿಂದಿರಬೇಕು. ಚಳಿಗಾಲದಲ್ಲಿ ಕೀಲಿಗೆ ಬಿಸಿನೀರಿನ ಚೀಲ, ಕಾದ ಇಟ್ಟಿಗೆ, ಉಪ್ಪಿನ ಗಂಟು ಇಟ್ಟುಕೊಳ್ಳುವುದು ನಮ್ಮಲ್ಲಿ ಸಾಮಾನ್ಯ. ಕಾಲಿಗೆ ಬಿಸಿ ತಿಳಿಯದೆ, ರಾತ್ರಿಯಿಡೀ ಚೀಲ ಇಟ್ಟುಕೊಂಡು ಮಲಗಿ, ಬೆಳಿಗ್ಗೆ ಬೊಬ್ಬೆ ನೋಡಿದ ಮೇಲೆಯೇ ಸುಟ್ಟದ್ದು ಗೊತ್ತಾದವರಿಗೆ ನಾನೇ ಡ್ರೆಸಿಂಗ್ ಮಾಡಿದ್ದೇನೆ. ಸಂಧಿವಾತದ ಔಷಧಿ ತೆಗೆದುಕೊಳ್ಳುವವರಲ್ಲಿ ಗಾಯಕ್ಕೆ ಸೋಂಕು ಬೇಗ ತಗಲುತ್ತದೆ, ಮಾಯಲು ತಡವಾಗುತ್ತದೆ. ನೀರಿನ ಬಿಸಿಯನ್ನು ಸ್ಪರ್ಶ ಚೆನ್ನಾಗಿರುವ ಬೇರೆಯವರ ಮೊಣಕೈಯಿಂದ ನೋಡಿಸಿರಿ. ಹತ್ತು ಹದಿನೈದು ನಿಮಿಷಕ್ಕಿಂತ ಹೆಚ್ಚು ಶಾಖ ಕೊಡಬೇಡಿರಿ, ಚೀಲ ಇಟ್ಟುಕೊಂಡು ನಿದ್ದೆ ಹೋಗಬೇಡಿರಿ. ರಾತ್ರಿ ಪಾದ ತೊಳೆದು ಒರೆಸುವಾಗ ಅಂಗಾಲನ್ನು ಒಮ್ಮೆ ನೋಡಿಕೊಳ್ಳಿರಿ, ಬಗ್ಗಲು ಆಗದವರು ಕನ್ನಡಿ ಹಿಡಿಯಲಿ ಅಥವಾ ಮೊಮ್ಮಕ್ಕಳಿಗೆ ಹೇಳಲಿ. ಜಾತ್ರೆಗೆ, ಪಾದಯಾತ್ರೆಗೆ ಬರಿಗಾಲಲ್ಲಿ ಹೊರಡುವ ಹರಕೆ ಹೊತ್ತವರು ಮೊದಲು ನಮ್ಮನ್ನು ಒಮ್ಮೆ ಕೇಳಿರಿ.

ಕಾಯಬಾರದ ಎರಡು ಸಂದರ್ಭ

ಪಾಳಿ ಚೀಟಿಗೂ ಕಾಯದೆ ಅದೇ ದಿನ ಬರಬೇಕಾದ ಎರಡು ಸಂದರ್ಭಗಳಿವೆ. ಇವನ್ನು ಮನೆಯ ಎಲ್ಲರೂ ಓದಿಕೊಳ್ಳಬೇಕು.

ಒಂದು, ಹಠಾತ್ತಾಗಿ ಪಾದ ಜೋತು ಬೀಳುವುದು. ರಾತ್ರಿ ಮಲಗುವಾಗ ಸರಿ ಇದ್ದವರು ಬೆಳಿಗ್ಗೆ ಎದ್ದು ನಡೆದರೆ ಪಾದ ಎತ್ತಲು ಬರುವುದಿಲ್ಲ, ಬೆರಳು ನೆಲಕ್ಕೆ ತಾಗಿ ಮುಗ್ಗರಿಸುತ್ತಾರೆ. ಇದೇ ರೀತಿ ಕೈ ಮಣಿಕಟ್ಟಿನಿಂದ ಜೋತು ಬೀಳಬಹುದು. ಕೆಲವರಿಗೆ ಅದಕ್ಕೆ ಮೊದಲು ಆ ಜಾಗದಲ್ಲಿ ತೀವ್ರ ಉರಿ ಇರುತ್ತದೆ, ಉಗುರಿನ ಅಂಚಿನಲ್ಲಿ ಸಣ್ಣ ಕಪ್ಪು ಚುಕ್ಕೆಗಳು, ಕಾಲಿನಲ್ಲಿ ಮಾಯದ ಹುಣ್ಣು ಕಾಣಬಹುದು. ಸಂಧಿವಾತವು ನರಕ್ಕೆ ರಕ್ತ ಕೊಡುವ ಸಣ್ಣ ರಕ್ತನಾಳಗಳಿಗೆ ತಗುಲಿ ಉರಿಯೂತ ಮಾಡಿದಾಗ, ರಕ್ತ ಸಿಗದೆ ನರ ಸೊರಗಿ ಹೀಗಾಗುತ್ತದೆ. ವ್ಯಾಸ್ಕ್ಯುಲೈಟಿಸ್ ಎಂದು ಇದರ ಹೆಸರು. ಒಳ್ಳೆಯ ಔಷಧಿಗಳು ಬಂದ ಮೇಲೆ ಇದು ಮೊದಲಿಗಿಂತ ಕಡಿಮೆಯಾಗಿದೆ, ಆದರೆ ಇಲ್ಲವಾಗಿಲ್ಲ. ಬಹಳ ವರ್ಷಗಳ ರೋಗ ಇರುವವರಲ್ಲಿ, ಮೊಣಕೈ ಹತ್ತಿರ ಗಂಟುಗಳಿರುವವರಲ್ಲಿ, ಬೀಡಿ ಸಿಗರೇಟು ಸೇದುವವರಲ್ಲಿ ಹೆಚ್ಚು. ಇದನ್ನು ಪಾರ್ಶ್ವವಾಯು ಎಂದು ತಿಳಿದು ಊರಿನ ಎಣ್ಣೆ ತಿಕ್ಕಿಸುತ್ತ ವಾರ ಕಳೆದರೆ ಇನ್ನೊಂದು ಕಾಲೂ ಹೋಗಬಹುದು. ಹೆಚ್ಚು ಪ್ರಮಾಣದ ಸ್ಟಿರಾಯ್ಡ್ ಮತ್ತು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಪ್ರಬಲ ಔಷಧಿಗಳನ್ನು ಕೂಡಲೇ ಶುರುಮಾಡಬೇಕಾಗುತ್ತದೆ. ಆಮೇಲೂ ತಾಳ್ಮೆ ಬೇಕು. ಹಾಳಾದ ನರ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್, ಅಂದರೆ ತಿಂಗಳಿಗೆ ಒಂದು ಇಂಚು. ಅಲ್ಲಿಯವರೆಗೆ ಪಾದವನ್ನು ಎತ್ತಿಹಿಡಿಯುವ ಪಟ್ಟಿ, ವ್ಯಾಯಾಮ ನಡೆಯುತ್ತಿರಬೇಕು.

ಎರಡನೆಯದು ಕುತ್ತಿಗೆ. ಸಂಧಿವಾತ ಕೈಕಾಲಿಗೆ ಮಾತ್ರ ಬರುತ್ತದೆ ಎಂಬ ನಂಬಿಕೆ ಇದೆ. ತಲೆಬುರುಡೆಯ ಕೆಳಗಿನ ಮೊದಲ ಎರಡು ಎಲುಬುಗಳ ನಡುವಿನ ಕೀಲಿಗೂ ಅದು ಬರುತ್ತದೆ. ಅಲ್ಲಿನ ಕಟ್ಟು ಸಡಿಲವಾದರೆ ಎಲುಬು ಜರುಗಿ ಬೆನ್ನುಹುರಿಯನ್ನೇ ಒತ್ತಬಹುದು. ಹಿಂದಲೆಯಲ್ಲಿ ನೋವು, ತಲೆ ಬಾಗಿಸಿದಾಗ ಬೆನ್ನಿನ ಉದ್ದಕ್ಕೂ ಕೈಕಾಲಿಗೆ ಕರೆಂಟ್ ಹೊಡೆದಂತೆ ಆಗುವುದು, ಕೈಯಿಂದ ಲೋಟ ಬೀಳುವುದು, ನಡಿಗೆ ತೂರಾಡುವುದು, ಮೂತ್ರದ ಹಿಡಿತ ತಪ್ಪುವುದು ಇದರ ಲಕ್ಷಣಗಳು. ಇಂಥವರು ಯಾವ ಕಾರಣಕ್ಕೂ ಕುತ್ತಿಗೆ ತಿಕ್ಕಿಸಬಾರದು, ಎಳೆಸಬಾರದು. ಕ್ಷೌರದ ಅಂಗಡಿಯಲ್ಲಿ ಕೊನೆಗೆ ತಲೆ ಹಿಡಿದು ಲಟಕ್ಕನೆ ತಿರುಗಿಸುತ್ತಾರಲ್ಲ, ಸಂಧಿವಾತ ಇರುವ ಗಂಡಸರು ಲಕ್ಷಣ ಇರಲಿ ಬಿಡಲಿ ಅದನ್ನು ಬೇಡವೆಂದೇ ಹೇಳಬೇಕು. ಲಕ್ಷಣ ಇದ್ದವರು ತಲೆಯ ಮೇಲೆ ಕೊಡ, ಹುಲ್ಲಿನ ಹೊರೆ ಹೊರಬಾರದು. ಬೇರೆ ಯಾವುದೇ ಶಸ್ತ್ರಕ್ರಿಯೆಗೆ, ಕಣ್ಣಿನದಿರಲಿ ಗರ್ಭಕೋಶದ್ದಿರಲಿ, ಹೋದಾಗ ನನಗೆ ಸಂಧಿವಾತ ಇದೆ ಎಂದು ಅರಿವಳಿಕೆ ವೈದ್ಯರಿಗೆ ಹೇಳಲೇಬೇಕು. ಉಸಿರಿನ ನಳಿಕೆ ಹಾಕುವಾಗ ಅವರು ಕುತ್ತಿಗೆಯನ್ನು ಹಿಂದಕ್ಕೆ ಬಾಗಿಸುತ್ತಾರೆ. ಮೊದಲೇ ಗೊತ್ತಿದ್ದರೆ ಎಕ್ಸ್‌ರೇ ಮಾಡಿಸಿ ಜಾಗ್ರತೆ ವಹಿಸುತ್ತಾರೆ.

ಬಾವು ಇಲ್ಲ, ನರವೂ ಸರಿ, ಆದರೂ ನೋವು

ಕೆಲವರ ಕೀಲು ಶಾಂತವಾಗಿರುತ್ತದೆ, ನರದ ಪರೀಕ್ಷೆಯೂ ಸರಿ ಬರುತ್ತದೆ, ಆದರೂ ಮೈಯೆಲ್ಲ ನೋವು, ನಿದ್ದೆ ಇಲ್ಲ, ದಣಿವು. ಮನೆಯಲ್ಲಿ "ಎಲ್ಲಾ ರಿಪೋರ್ಟ್ ಛಲೋ ಬಂದಾವ, ಇಕಿ ನಾಟಕ ಮಾಡ್ತಾಳ" ಎಂಬ ಮಾತು ಬರುತ್ತದೆ. ಅದು ನಾಟಕವಲ್ಲ. ವರ್ಷಗಟ್ಟಲೆ ನೋವು ಅನುಭವಿಸಿದ ಮೇಲೆ ಬೆನ್ನುಹುರಿ ಮತ್ತು ಮೆದುಳು ನೋವಿನ ಸುದ್ದಿಯನ್ನು ದೊಡ್ಡದು ಮಾಡಿ ಕೇಳಿಸಿಕೊಳ್ಳಲು ಕಲಿತುಬಿಡುತ್ತವೆ. ಜಾತ್ರೆಯ ಮೈಕಿನಲ್ಲಿ ಪಿಸುಮಾತೂ ಊರಿಗೆಲ್ಲ ಕೇಳುವಂತೆ. ನೋವಿನ ಬಗ್ಗೆ ಅಧ್ಯಯನ ಮಾಡುವವರ ಅಂತರರಾಷ್ಟ್ರೀಯ ಸಂಘ 2017ರಲ್ಲಿ ಇಂಥ ನೋವಿಗೆ ಪ್ರತ್ಯೇಕ ಹೆಸರನ್ನೇ ಕೊಟ್ಟಿದೆ. ಇದಕ್ಕೆ ಸಂಧಿವಾತದ ಮಾತ್ರೆ ಹೆಚ್ಚಿಸಿ ಫಲವಿಲ್ಲ. ದಿನಾ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುವ ನಡಿಗೆ, ನಿದ್ದೆ ಸರಿಪಡಿಸುವುದು, ಮನಸ್ಸಿನ ಭಾರ ಹೇಳಿಕೊಳ್ಳುವುದು, ಜೊತೆಗೆ ಕೆಲವು ಮಾತ್ರೆಗಳು ಸಹಾಯ ಮಾಡುತ್ತವೆ. ಗಂಡ ಮಕ್ಕಳು ನಂಬಿದರೆ ಅರ್ಧ ಕೆಲಸವಾದಂತೆ ಎಂಬುದು ನನ್ನ ಅನುಭವ.

ಮಾತ್ರೆಗಳ ಬಗ್ಗೆ ತಪ್ಪು ತಿಳಿವಳಿಕೆ

ಡೈಕ್ಲೋಫೆನಾಕ್, ಎಸಿಕ್ಲೋಫೆನಾಕ್ ಮುಂತಾದ ನೋವಿನ ಮಾತ್ರೆಗಳು ಬಾವು ಇಳಿಸುವಂಥವು. ಕೀಲಿಗೆ ಕೆಲಸ ಮಾಡುತ್ತವೆ, ನರದ ಉರಿಗೆ ಅಷ್ಟಾಗಿ ಮಾಡುವುದಿಲ್ಲ. ಉರಿ ಹೋಗಲಿಲ್ಲವೆಂದು ಹೆಚ್ಚು ನುಂಗಿದರೆ ಹೊಟ್ಟೆ ಹುಣ್ಣಾಗುತ್ತದೆ, ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಬೇರೆ ಬೇರೆ ಹೆಸರಿನ ಎರಡು ಪಟ್ಟಿಗಳಲ್ಲಿ ಒಂದೇ ಔಷಧಿ ಇರುವುದೂ ಉಂಟು. ಊರೂರು ತಿರುಗುವವರು ಕೊಡುವ ಪುಡಿಯ ಪೊಟ್ಟಣಗಳಿಂದ ಒಂದೇ ದಿನದಲ್ಲಿ ನೋವು ಮಾಯವಾದರೆ ಅದರಲ್ಲಿ ಸ್ಟಿರಾಯ್ಡ್ ಬೆರೆಸಿರಬಹುದೆಂಬ ಸಂಶಯ ಇರಲಿ. ಅಂಥದ್ದನ್ನು ತಿಂಗಳುಗಟ್ಟಲೆ ತಿಂದಿದ್ದರೆ ಬೈಯುತ್ತಾರೆಂದು ಹೆದರದೆ ವೈದ್ಯರಿಗೆ ಹೇಳಿರಿ, ಏಕೆಂದರೆ ಅದನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯ.

ನರದ ನೋವಿಗೆ ಕೊಡುವ ಮಾತ್ರೆಗಳು ಬೇರೆ. ಅಮಿಟ್ರಿಪ್ಟಿಲಿನ್, ಡ್ಯುಲಾಕ್ಸೆಟಿನ್ ಮೊದಲು ಖಿನ್ನತೆಗೆಂದು ಬಂದವು. ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಫಿಟ್ಸ್‌ಗೂ ಬಳಸುವಂಥವು. ಇವು ನರದ ಅತಿಯಾದ ಚಟುವಟಿಕೆಯನ್ನು ತಗ್ಗಿಸುವುದರಿಂದ ಉರಿಗೂ ಉಪಯೋಗಿಸುತ್ತಾರೆ. ಔಷಧಿ ಅಂಗಡಿಯಲ್ಲಿ ಯಾರೋ "ಇದು ಹುಚ್ಚಿನ ಮಾತ್ರೆ" ಎಂದರೆಂದು ಮನೆಯಲ್ಲಿ ಜಗಳವಾಗಿ, ಮಾತ್ರೆಯನ್ನು ಹಾಗೆಯೇ ವಾಪಸು ತಂದವರಿದ್ದಾರೆ. ನರದ ನೋವಿಗೆ ಅಮಿಟ್ರಿಪ್ಟಿಲಿನ್ ಸಾಮಾನ್ಯವಾಗಿ ರಾತ್ರಿ 10 ಮಿಲಿಗ್ರಾಂನಿಂದ ಶುರುವಾಗುತ್ತದೆ, ಖಿನ್ನತೆಗೆ ಕೊಡುವುದಕ್ಕಿಂತ ಬಹಳ ಕಡಿಮೆ. ಅದು ತಿಂದ ದಿನವೇ ಗುಣ ಕಾಣುವುದಿಲ್ಲ, ಎರಡರಿಂದ ನಾಲ್ಕು ವಾರ ಬೇಕು. ಬಾಯಿ ಒಣಗಬಹುದು, ಬೆಳಿಗ್ಗೆ ಮಂಪರು ಇರಬಹುದು. ಗ್ಲಾಕೋಮಾ, ಹೃದಯದ ತೊಂದರೆ, ಮೂತ್ರ ಕಟ್ಟುವ ತೊಂದರೆ ಇದ್ದರೆ ಮೊದಲೇ ಹೇಳಿರಿ. ಪ್ರಿಗ್ಯಾಬಲಿನ್‌ನಿಂದ ತಲೆ ತಿರುಗು, ಪಾದ ಊತ ಬರಬಹುದು. ಮೂತ್ರಪಿಂಡದ ತೊಂದರೆ ಇದ್ದವರಿಗೆ ಪ್ರಮಾಣ ಕಡಿಮೆ ಮಾಡಬೇಕು. ಮೊದಲ ಕೆಲವು ದಿನ ಬೈಕ್ ಓಡಿಸಬೇಡಿರಿ, ವಯಸ್ಸಾದವರು ರಾತ್ರಿ ಎದ್ದಾಗ ಹಾಸಿಗೆಯ ಅಂಚಿನಲ್ಲಿ ಸ್ವಲ್ಪ ಕುಳಿತು ಆಮೇಲೆ ನಿಲ್ಲಲಿ. ಗುಣವಾಯಿತೆಂದು ಒಮ್ಮೆಲೇ ನಿಲ್ಲಿಸಬೇಡಿರಿ. ಪಕ್ಕದ ಮನೆಯವರಿಗೆ ಕೊಡಬೇಡಿರಿ.

ನರದ ಮಾತ್ರೆ ಶುರುವಾಯಿತೆಂದು ಸಂಧಿವಾತದ ಮೂಲ ಔಷಧಿ ಬಿಡುವವರೂ ಇದ್ದಾರೆ. ಹಾಗೆ ಮಾಡಬಾರದು. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ಹೊಸ ಮಾತ್ರೆಗಳು ಸೇರಿದಾಗ ಗೊಂದಲವಾಗಿ ಅದನ್ನು ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಸೋಮವಾರವೋ ಗುರುವಾರವೋ, ಒಂದು ವಾರವನ್ನು ಗೊತ್ತುಮಾಡಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿರಿ.

ಪರೀಕ್ಷೆಗೆ ಬರುವಾಗ

ನರ ಎಷ್ಟು ಸೋತಿದೆ ಎಂದು ತಿಳಿಯಲು ಎನ್.ಸಿ.ಎಸ್. ಎಂಬ ಪರೀಕ್ಷೆ ಬರೆದುಕೊಡಬಹುದು. "ಕರೆಂಟ್ ಕೊಡ್ತಾರಂತ" ಎಂದು ಹೆದರಿ ತಪ್ಪಿಸಿಕೊಳ್ಳುವವರು ಬಹಳ. ಚರ್ಮದ ಮೇಲೆ ಸಣ್ಣ ಬಿಲ್ಲೆ ಅಂಟಿಸಿ, ಬಹಳ ಕಡಿಮೆ ವಿದ್ಯುತ್ತನ್ನು ಕ್ಷಣಕಾಲ ಹಾಯಿಸಿ, ಸುದ್ದಿ ನರದಲ್ಲಿ ಎಷ್ಟು ವೇಗವಾಗಿ ಹೋಗುತ್ತದೆ ಎಂದು ಅಳೆಯುತ್ತಾರೆ. ಚುರುಕ್ ಎನ್ನುತ್ತದೆ, ಅಷ್ಟೇ. ಆ ದಿನ ಕೈಕಾಲಿಗೆ ಎಣ್ಣೆ, ಮುಲಾಮು ಹಚ್ಚಿಕೊಂಡು ಬರಬೇಡಿರಿ. ಬಳೆ, ಉಂಗುರ, ಕಾಲುಂಗುರ ತೆಗೆಯಬೇಕಾಗಬಹುದು. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಮೊದಲೇ ತಿಳಿಸಿರಿ.

ಮುಂದಿನ ಬಾರಿ ಬರುವಾಗ ಒಂದು ಹಾಳೆಯ ಮೇಲೆ ನಿಮ್ಮ ಕೈ ಅಥವಾ ಪಾದ ಇಟ್ಟು ಗೆರೆ ಎಳೆದು, ಉರಿಯುವ ಜಾಗಕ್ಕೆ ಒಂದು ಬಣ್ಣ, ಮರಗಟ್ಟಿದ ಜಾಗಕ್ಕೆ ಇನ್ನೊಂದು ಬಣ್ಣ ತುಂಬಿ ತನ್ನಿರಿ. ಓದು ಬರಹ ಬಾರದವರಿಗೆ ಮನೆಯ ಶಾಲೆ ಮಕ್ಕಳು ಮಾಡಿಕೊಡುತ್ತಾರೆ. ಅದರ ಹಿಂದೆ ನೋವು ಯಾವ ಹೊತ್ತಿಗೆ ಹೆಚ್ಚು, ಯಾವ ಮಾತ್ರೆ ಎಷ್ಟು ದಿನದಿಂದ ಎಂದು ಬರೆಸಿರಿ. ಮನೆಯಲ್ಲಿರುವ ಎಲ್ಲ ಮಾತ್ರೆ ಪಟ್ಟಿಗಳನ್ನು, ಅಂಗಡಿಯಿಂದ ತಂದವನ್ನೂ ಪುಡಿಯ ಪೊಟ್ಟಣವನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿರಿ. ಸ್ಪ್ಲಿಂಟ್ ಕಟ್ಟುವುದು, ಪಾದ ನೋಡಿಕೊಳ್ಳುವುದು ತಿಳಿಯದಿದ್ದರೆ ವೈದ್ಯರನ್ನು ಕಂಡ ಮೇಲೆ ಶುಶ್ರೂಷಕಿಯರ ಕೊಠಡಿಗೆ ಬಂದು ಕೇಳಿರಿ, ಮಾಡಿ ತೋರಿಸುತ್ತೇವೆ.